ಬ್ರಿಸ್ಟಲ್‌ನ ಹಳೇ ಮನೆ, ಒದ್ದೆ ನೆಲಮಾಳಿಗೆ, ಗೋಡೆಯಲ್ಲೊಂದು ಕಬ್ಬಿಣದ ಬಳೆ

ಓದುಗರ ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದು ಏಳು ವರ್ಷವಾಯಿತು. ಹೋದ ವರ್ಷ ಹಾಟ್‌ವೆಲ್ಸ್‌ನಲ್ಲಿ 1790ರ ಆಸುಪಾಸಿನ ಒಂದು ಸಾಲುಮನೆ ಕೊಂಡೆವು. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದು ಗ್ರೇಡ್ 2. ಕೆಳಗೆ ನೆಲಮಾಳಿಗೆ ಇದೆ, ಅದರ ಗೋಡೆಯಲ್ಲಿ ಒಂದು ದಪ್ಪ ಕಬ್ಬಿಣದ ಬಳೆ ಹೂತಿದೆ. ಆಫ್ರಿಕಾದಿಂದ ತಂದ ಗುಲಾಮರನ್ನು ಅಲ್ಲಿ ಕಟ್ಟಿಹಾಕುತ್ತಿದ್ದರು ಅಂತ ಪಕ್ಕದ ಮನೆಯವರು ಹೇಳಿದರು. ಊರಿಂದ ಬಂದಿರುವ ನಮ್ಮತ್ತೆ ಅದನ್ನು ಕೇಳಿದಾಗಿನಿಂದ ಕೆಳಗೆ ಇಳಿದಿಲ್ಲ, ಶಾಂತಿ ಮಾಡಿಸಿ ಅಂತಾರೆ. ಇನ್ನೊಂದು ತೊಂದರೆ ಅಂದರೆ ಕೆಳಗಿನ ಗೋಡೆ ಸೊಂಟದ ಎತ್ತರದವರೆಗೆ ಒದ್ದೆ, ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತೆ. ಒಂದು ಕಂಪನಿಯವರು ಬಂದು ಮೀಟರ್ ಒತ್ತಿ ನೋಡಿದರು. ಗೋಡೆಗೆ ಕೆಮಿಕಲ್ ಚುಚ್ಚಿ, ಮೇಲೆ ವಾಟರ್‌ಪ್ರೂಫ್ ಸಿಮೆಂಟ್ ಬಳಿಯಬೇಕು, 6,800 ಪೌಂಡ್ ಆಗುತ್ತೆ ಅಂದರು. ಹಾಟ್‌ವೆಲ್ಸ್‌ನ ಬಿಸಿನೀರಿನ ಬುಗ್ಗೆ ನಿಮ್ಮ ಮನೆ ಕೆಳಗೇ ಇರಬಹುದು ಅಂತಲೂ ಹೇಳಿದರು. ನಮಗೆ ಅಲ್ಲಿ ಒಂದು ರೂಮ್ ಮಾಡಿಕೊಳ್ಳುವ ಆಸೆ. ಬಳೆ ಕಿತ್ತು ಹಾಕಬಹುದಾ? ಸಿಮೆಂಟ್ ಹೊಡೆಸಬಹುದಾ? ಫೋಟೋಗಳನ್ನು ಕಳಿಸಿದ್ದೇವೆ.

ಉತ್ತರ: ಫೋಟೋಗಳನ್ನೆಲ್ಲ ನಿಧಾನವಾಗಿ ನೋಡಿದೆ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ, ಅದರಲ್ಲಿ ಜಾಸ್ತಿ ಪಾಲು ಬ್ರಿಸ್ಟಲ್‌ನಲ್ಲೇ. ಆದ್ದರಿಂದ ನಿಮ್ಮ ಮನೆಯಂಥ ಮನೆಗಳು ನನಗೆ ಹೊಸದಲ್ಲ. ಬಳೆ ಕೀಳಬೇಡಿ. ಸಿಮೆಂಟ್ ಹೊಡೆಸಬೇಡಿ. ಆ ಕಂಪನಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮತ್ತೆಯವರ ಭಯ. ಈ ಕಥೆ ನಿಮ್ಮ ಪಕ್ಕದ ಮನೆಯವರು ಕಟ್ಟಿದ್ದಲ್ಲ. ಬ್ರಿಸ್ಟಲ್‌ನಲ್ಲಿ ನೆಲಮಾಳಿಗೆ ಇರುವ ಮನೆಗಳಲ್ಲೆಲ್ಲ ಇದನ್ನು ಹೇಳುತ್ತಾರೆ. ಅತ್ತ ರೆಡ್‌ಕ್ಲಿಫ್ ಗುಹೆಗಳ ಬಗ್ಗೆಯೂ ಇದೇ ಮಾತು. ಆ ಗುಹೆಗಳನ್ನು ತೋಡಿದ್ದು ಮರಳಿಗಾಗಿ. ಅಲ್ಲಿನ ಕೆಂಪು ಮರಳುಗಲ್ಲನ್ನು ಅಗೆದು ಗಾಜಿನ ಕುಲುಮೆಗಳಿಗೆ ಒಯ್ಯುತ್ತಿದ್ದರು. ವೈಟ್‌ಲೇಡೀಸ್ ರಸ್ತೆ, ಬ್ಲ್ಯಾಕ್‌ಬಾಯ್ ಹಿಲ್ ಅನ್ನುವ ಹೆಸರುಗಳು ಗುಲಾಮರ ಸಂತೆಯಿಂದ ಬಂದವು ಅಂತ ಟ್ಯಾಕ್ಸಿಯವರೂ ಹೇಳುತ್ತಾರೆ. ಅವೆರಡೂ ಅಲ್ಲಿದ್ದ ಹಳೇ ಹೆಂಡದಂಗಡಿಗಳ ಹೆಸರು.

ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ನೋಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಬ್ರಿಸ್ಟಲ್‌ನಿಂದ ಹಡಗು ಹಿತ್ತಾಳೆ ಪಾತ್ರೆ, ಬಟ್ಟೆ, ಬಂದೂಕು ತುಂಬಿಕೊಂಡು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ಅವನ್ನು ಕೊಟ್ಟು ಜನರನ್ನು ಕೊಂಡು, ಅಟ್ಲಾಂಟಿಕ್ ದಾಟಿ, ಕೆರಿಬಿಯನ್ ದ್ವೀಪಗಳಲ್ಲೋ ವರ್ಜೀನಿಯಾದಲ್ಲೋ ಅವರನ್ನು ಮಾರಿ, ಅಲ್ಲಿಂದ ಸಕ್ಕರೆ, ರಮ್, ತಂಬಾಕು ಹೇರಿಕೊಂಡು ಮನೆಗೆ ಬರುತ್ತಿತ್ತು. ಅಂದರೆ ಆ ಜನ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಬಂದವರು ಬೆರಳೆಣಿಕೆಯ ಮಂದಿ, ಕ್ಯಾಪ್ಟನ್‌ಗಳ ಮತ್ತು ತೋಟದ ಮಾಲೀಕರ ಮನೆಯಾಳುಗಳಾಗಿ. ಅವರನ್ನು ಹೀಗೆ ಸಾಲುಮನೆಗಳ ಕೆಳಗೆ ಕೂಡಿಹಾಕುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗಂತ ಈ ಊರಿನ ಕೈ ಸ್ವಚ್ಛ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. 1698ರಿಂದ 1807ರವರೆಗೆ ಇಲ್ಲಿಂದ 2000ಕ್ಕೂ ಹೆಚ್ಚು ಹಡಗುಗಳು ಆ ಕೆಲಸಕ್ಕೆ ಹೊರಟಿವೆ. ಅವು ಸಾಗಿಸಿದ ಜನ ಅಂದಾಜು 5 ಲಕ್ಷ. ಇಷ್ಟು ದೊಡ್ಡ ಪಾಪ ಊರಿನ ಕಣ್ಣಿಗೆ ಬೀಳದೆ ಸಮುದ್ರದಾಚೆ ನಡೆಯಿತು, ಊರಿಗೆ ಬಂದದ್ದು ದುಡ್ಡು ಮಾತ್ರ. ಜನರಿಗೆ ಕೈಯಿಟ್ಟು ತೋರಿಸಲು ಏನಾದರೂ ಬೇಕು, ಅದಕ್ಕೇ ಕಬ್ಬಿಣದ ಬಳೆಗೆ ಕಥೆ ಅಂಟಿಕೊಂಡಿದೆ ಅಂತ ನನಗನ್ನಿಸುತ್ತದೆ.

ಇನ್ನು ಆ ಬಳೆ. ನಿಮ್ಮ ನಾಲ್ಕನೇ ಫೋಟೋದಲ್ಲಿ ಅದು ಮೆಟ್ಟಿಲ ತಲೆಯ ಹತ್ತಿರ, ಬಾಗಿಲ ಪಕ್ಕದಲ್ಲೇ ಇದೆ, ಭುಜದ ಎತ್ತರದಲ್ಲಿ. ಒಳಮೈ ಕೆಳಗಡೆ ಸವೆದಿದೆ, ಹಗ್ಗ ಉಜ್ಜಿ ಉಜ್ಜಿ ಆಗುವ ಸವೆತ ಅದು. ಇಂಥ ಬಳೆಗೆ ಹಗ್ಗ ಸುತ್ತಿ ಪೀಪಾಯಿಯನ್ನು ಮೆಟ್ಟಿಲ ಮೇಲೆ ನಿಧಾನವಾಗಿ ಕೆಳಗೆ ಬಿಡುತ್ತಿದ್ದರು. ತುಂಬಿದ ಪೀಪಾಯಿಯನ್ನು ಕೈಯಲ್ಲಿ ಹಿಡಿದು ಇಳಿಸುವುದಕ್ಕೆ ಆಗುತ್ತಾ? ಬ್ರಿಸ್ಟಲ್ ಮಧ್ಯಯುಗದಿಂದಲೂ ವೈನ್ ಆಮದಿನ ಊರು, ಮೊದಲು ಬೋರ್ಡೋದಿಂದ, ಆಮೇಲೆ ಸ್ಪೇನ್, ಪೋರ್ಚುಗಲ್‌ನಿಂದ. ಹಳೇ ಪೇಟೆಯ ಬೀದಿಗಳ ಕೆಳಗೆ ಎಷ್ಟು ನೆಲಮಾಳಿಗೆಗಳಿದ್ದವು ಅಂದರೆ, ಅವು ಕುಸಿದಾವು ಅಂತ ಭಾರದ ಸಾಮಾನನ್ನು ಚಕ್ರದ ಗಾಡಿಯಲ್ಲಿ ಸಾಗಿಸದೆ ಜಾರುಬಂಡಿಯ ಮೇಲೆ ಎಳೆಯುತ್ತಿದ್ದರು. ಹೊರಗಿನಿಂದ ಬಂದವರು ಇದನ್ನು ನೋಡಿ ಆಶ್ಚರ್ಯಪಟ್ಟು ಬರೆದಿಟ್ಟಿದ್ದಾರೆ.

ನಿಮ್ಮತ್ತೆಯವರು ದೀಪ ಹಚ್ಚುವುದಾದರೆ ಹಚ್ಚಲಿ, ಅದರಲ್ಲಿ ತಪ್ಪೇನಿದೆ. ಆದರೆ ಆ ಜನರನ್ನು ನೆನೆಯಬೇಕು ಅಂತಿದ್ದರೆ ನಿಜವಾದ ಜಾಗಗಳೇ ಈ ಊರಲ್ಲಿವೆ. ನಿಮ್ಮ ಮನೆಯಿಂದ ಬಂದರಿನ ದಂಡೆ ಹಿಡಿದು ನಡೆದರೆ ಪೀರೋ ಸೇತುವೆ ಸಿಗುತ್ತದೆ, ಎರಡು ದೊಡ್ಡ ಕೊಂಬುಗಳಿರುವ ಕಾಲ್ಸೇತುವೆ. ಪೀರೋ ಜೋನ್ಸ್ ಅನ್ನುವ ಹುಡುಗನನ್ನು 1765ರಲ್ಲಿ ನೆವಿಸ್ ದ್ವೀಪದಲ್ಲಿ ಜಾನ್ ಪಿನ್ನಿ ಅನ್ನುವ ಸಕ್ಕರೆ ತೋಟದ ಮಾಲೀಕ ಕೊಂಡ. ಹುಡುಗನಿಗೆ ಆಗ ಸುಮಾರು 12 ವರ್ಷ, ಜೊತೆಗೆ ಅವನ ಇಬ್ಬರು ಪುಟ್ಟ ತಂಗಿಯರನ್ನೂ ಕೊಂಡ. ಪಿನ್ನಿ ಬ್ರಿಸ್ಟಲ್‌ಗೆ ಬಂದಾಗ ಪೀರೋನನ್ನು ಕರೆತಂದ. 1798ರಲ್ಲಿ ಪೀರೋ ತೀರಿಕೊಂಡ. ಪಿನ್ನಿ ಕಟ್ಟಿಸಿದ ಮನೆ ಗ್ರೇಟ್ ಜಾರ್ಜ್ ಸ್ಟ್ರೀಟ್‌ನ 7ನೇ ನಂಬರ್, ಈಗ ಜಾರ್ಜಿಯನ್ ಹೌಸ್ ಮ್ಯೂಸಿಯಂ. ಅದು ನಿಮ್ಮ ಮನೆಯ ವಾರಗೆಯದೇ, ಒಮ್ಮೆ ಹೋಗಿ ನೋಡಿ. ಹೆನ್ಬರಿಯ ಚರ್ಚಿನ ಅಂಗಳದಲ್ಲಿ ಸಿಪಿಯೋ ಆಫ್ರಿಕಾನಸ್ ಅನ್ನುವ ಹುಡುಗನ ಸಮಾಧಿ ಇದೆ, 1720ರಲ್ಲಿ 18 ವರ್ಷಕ್ಕೇ ಸತ್ತವನು. ಅವನ ನಿಜವಾದ ಹೆಸರು ಕಲ್ಲಿನ ಮೇಲಿಲ್ಲ, ಯಜಮಾನರು ಇಟ್ಟ ಹೆಸರಷ್ಟೇ ಇದೆ. ಹೂವು ಇಡುವುದಾದರೆ ಅಲ್ಲಿಡಿ.

ಈಗ ನಿಮ್ಮ ಒಂಬತ್ತನೇ ಫೋಟೋಗೆ ಬರುತ್ತೇನೆ. ಒದ್ದೆ ಎಷ್ಟು ಇದೆ ಅಂತ ತೋರಿಸಲು ಹಿತ್ತಲಿನ ಗೋಡೆಯ ಫೋಟೋ ತೆಗೆದಿದ್ದೀರಿ. ನನ್ನ ಕಣ್ಣು ಹೋದದ್ದು ಗೋಡೆಯ ತಲೆಯ ಮೇಲೆ. ಅಲ್ಲಿ ಸಾಲಾಗಿ ಕೂರಿಸಿರುವ ಕಪ್ಪು ದಿಂಡುಗಳಿವೆ ನೋಡಿ, ಅವು ಕಲ್ಲಲ್ಲ. ತಾಮ್ರದ ಕಿಟ್ಟ, ಅಂದರೆ ಅದಿರು ಕರಗಿಸಿ ತಾಮ್ರ ತೆಗೆದ ಮೇಲೆ ಮಿಕ್ಕುವ ಕಸ. ಕೈಯಾಡಿಸಿ ನೋಡಿ, ಗಾಜಿನ ಹಾಗೆ ನುಣುಪಾಗಿರುತ್ತೆ, ಅಲ್ಲಲ್ಲಿ ಗುಳ್ಳೆ ಒಡೆದ ತೂತುಗಳು, ಮಳೆ ಬಂದು ಬಿಸಿಲು ಬಿದ್ದರೆ ಕಪ್ಪಿನೊಳಗೆ ನೇರಳೆ ಛಾಯೆ. 18ನೇ ಶತಮಾನದಲ್ಲಿ ಏವನ್ ನದಿ ದಂಡೆಯ ಕ್ರ್ಯೂಸ್ ಹೋಲ್ ಮತ್ತು ಸುತ್ತಮುತ್ತಲಿನ ಕುಲುಮೆಗಳಲ್ಲಿ ತಾಮ್ರ ಕರಗಿಸುತ್ತಿದ್ದರು. ಅದಿರು ಕಾರ್ನ್‌ವಾಲ್‌ನಿಂದ ಹಡಗಿನಲ್ಲಿ ಬರುತ್ತಿತ್ತು, ಕಲ್ಲಿದ್ದಲು ಪಕ್ಕದ ಕಿಂಗ್ಸ್‌ವುಡ್‌ನದು. ಮಿಕ್ಕ ಕಿಟ್ಟವನ್ನು ಬಿಸಿಯಿರುವಾಗಲೇ ಅಚ್ಚಿಗೆ ಹೊಯ್ದು ದಿಂಡು ಮಾಡಿ ಗೋಡೆಗಳ ಮೇಲೆ ಹೊದಿಸಿದರು. ನೀರು ಕುಡಿಯುವುದಿಲ್ಲ ಅಲ್ವಾ, ಹಾಗಾಗಿ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆರ್ನೋಸ್ ವೇಲ್‌ನಲ್ಲಿ ಬ್ಲ್ಯಾಕ್ ಕ್ಯಾಸಲ್ ಅಂತ ಒಂದು ಇಡೀ ಕಟ್ಟಡವೇ ಈ ಕಿಟ್ಟದ್ದು, ಕಟ್ಟಿಸಿದವನು ವಿಲಿಯಂ ರೀವ್ ಅನ್ನುವ ತಾಮ್ರದ ವ್ಯಾಪಾರಿ. ಅಲ್ಲೇ ಹತ್ತಿರದ ಸ್ಮಶಾನದಲ್ಲಿ ರಾಜಾ ರಾಮಮೋಹನ ರಾಯರ ಸಮಾಧಿ ಇದೆ, ನಮ್ಮ ಛತ್ರಿಯಂಥ ಮಂಟಪ, 1843ರದು. ಅತ್ತೆಯವರನ್ನು ಅಲ್ಲಿಗೂ ಕರೆದುಕೊಂಡು ಹೋಗಿ.

ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಬ್ರಿಸ್ಟಲ್‌ನ ಹಿತ್ತಾಳೆ ಬೋಗುಣಿ, ಕೊಪ್ಪರಿಗೆ, ಕಡಗ ಆಗಿ ಆಫ್ರಿಕಾದ ಕರಾವಳಿಗೆ ಹೋಯಿತು. ಆ ಕಡಗಗಳನ್ನು ಎಣಿಸಿ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ನೆಲಮಾಳಿಗೆಯ ಬಳೆಯಲ್ಲಿ ಇಲ್ಲದ ಇತಿಹಾಸ ಹಿತ್ತಲ ಗೋಡೆಯ ತಲೆಯ ಮೇಲಿದೆ. ಮೊದಲ ಸಲ ಇದು ನನಗೆ ಹೊಳೆದ ದಿನ ಸ್ವಲ್ಪ ಹೊತ್ತು ಆ ಗೋಡೆ ಮುಟ್ಟಿಕೊಂಡು ನಿಂತಿದ್ದೆ. ಆ ದಿಂಡುಗಳನ್ನು ಯಾರಾದರೂ 'ಹೊಸ ಕಲ್ಲು ಹಾಕಿಕೊಡ್ತೀವಿ' ಅಂತ ತೆಗೆಯಲು ಬಂದರೆ ಬಿಡಬೇಡಿ.

ಇನ್ನು ಒದ್ದೆಯ ವಿಚಾರ. ಬಿಸಿನೀರಿನ ಬುಗ್ಗೆ ಮಾತು ಬಿಟ್ಟುಬಿಡಿ. ಅದು ಏವನ್ ಕಮರಿಯ ಬಂಡೆಯ ಬುಡದಲ್ಲಿ, ನದಿ ದಂಡೆಯಲ್ಲಿ ಏಳುವ ಬುಗ್ಗೆ. ಸುಮಾರು 24 ಡಿಗ್ರಿ ಬೆಚ್ಚಗಿನ ನೀರು, ಅದರಿಂದಲೇ ಬಡಾವಣೆಗೆ ಆ ಹೆಸರು. ನಿಮ್ಮ ಫೋಟೋದಲ್ಲಿ ಅದಕ್ಕಿಂತ ಹತ್ತಿರದ ಕಾರಣಗಳು ಕಾಣುತ್ತಿವೆ.

ನಿಮ್ಮ ಮನೆ ಹೇಗೆ ಕಟ್ಟಿದ್ದು ಅನ್ನುವುದು ಗೊತ್ತಿರಬೇಕು. ಮುಂಭಾಗದ ಅಲಂಕಾರದ ಕಲ್ಲು ಬಾತ್ ಸ್ಟೋನ್, ಜೇನಿನ ಬಣ್ಣದ ಮೆತ್ತನೆ ಸುಣ್ಣಕಲ್ಲು. ಉಳಿದ ಗೋಡೆ ಪೆನೆಂಟ್ ಅನ್ನುವ ಬೂದು ಮರಳುಗಲ್ಲಿನ ಒರಟು ಕಟ್ಟಡ. ಗೋಡೆಯ ಎರಡು ಮೈಗೆ ಕಲ್ಲು, ನಡುವೆ ಚೂರುಕಲ್ಲು, ಗಾರೆ, ಎಷ್ಟೋ ಕಡೆ ಬರೀ ಟೊಳ್ಳು. 1790ರ ಹೊತ್ತಿಗೆ ಕ್ಲಿಫ್ಟನ್, ಹಾಟ್‌ವೆಲ್ಸ್ ಕಡೆ ಸಾಲ ತಂದು ಮನೆ ಕಟ್ಟಿ ಮಾರುವ ಭರಾಟೆ ಜೋರಾಗಿತ್ತು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ, ಸಾಲ ಸಿಗದೆ, ಕಟ್ಟುವವರು ಸಾಲುಸಾಲಾಗಿ ದಿವಾಳಿಯಾದರು. ನಿಮ್ಮ ಮೇಲಿನ ಗುಡ್ಡದ ರಾಯಲ್ ಯಾರ್ಕ್ ಕ್ರೆಸೆಂಟ್ 1791ರಲ್ಲಿ ಶುರುವಾದದ್ದು ಮುಗಿದದ್ದು 1820ಕ್ಕೆ. ಎಷ್ಟೋ ಮನೆಗಳು ವರ್ಷಗಟ್ಟಲೆ ಸೂರಿಲ್ಲದೆ ಮಳೆಯಲ್ಲಿ ನೆನೆದವು. ಹಾಗಾಗಿ ಮುಂಭಾಗ ಅಚ್ಚುಕಟ್ಟು, ಹಿಂದುಗಡೆ ಅವಸರದ ಕೆಲಸ.

ಆದರೂ ಇಷ್ಟು ವರ್ಷ ಈ ಗೋಡೆಗಳು ನಿಂತಿವೆ. ಕಾರಣ ಸುಣ್ಣದ ಗಾರೆ. ಮಳೆ ಬಂದರೆ ಗೋಡೆ ಒಂದಿಷ್ಟು ನೀರು ಕುಡಿಯುತ್ತೆ, ಬಿಸಿಲು ಗಾಳಿ ಬಂದಾಗ ಸಂದುಗಳ ಗಾರೆಯ ಮೂಲಕ ಹೊರಗೆ ಬಿಡುತ್ತೆ. ನಿಮ್ಮೂರಿನ ಸುಣ್ಣ ಬಳಿದ ಮಣ್ಣಿನ ಗೋಡೆ ಮಲೆನಾಡಿನ ಮಳೆಗೆ ತಾಳಿಕೊಂಡದ್ದೂ ಹೀಗೇ, ಉದ್ದ ಸೂರು ಮತ್ತು ಉಸಿರಾಡುವ ಗೋಡೆ. ಈಗ ನಿಮ್ಮ ಹಿಂದಿನ ಮಾಲೀಕರು ಮಾಡಿಸಿದ್ದು ನೋಡಿ. ಹೊರಗೆ ಸಂದುಗಳಿಗೆ ಬೂದು ಸಿಮೆಂಟ್ ತುಂಬಿಸಿದ್ದಾರೆ. ನೀರು ಆ ಸಂದಿನಿಂದ ಹೊರಬರಲಾರದೆ ಕಲ್ಲಿನಿಂದಲೇ ಬರುತ್ತಿದೆ, ಅದಕ್ಕೇ ಕಿಟಕಿ ಪಕ್ಕದ ಬಾತ್ ಸ್ಟೋನ್ ಪುಡಿಪುಡಿಯಾಗಿ ಹಿಂದೆ ಸರಿದಿದೆ, ಸಿಮೆಂಟ್ ಮಾತ್ರ ಏಣಿನ ಹಾಗೆ ಮುಂದೆ ನಿಂತಿದೆ. ಒಳಗೆ ನೆಲಮಾಳಿಗೆಗೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದಾರೆ. ಹಿತ್ತಲಲ್ಲಿ ಹಳೇ ಅಂಗಳದ ಮೇಲೆ ಕಾಂಕ್ರೀಟ್ ಹಾಕಿ ನೆಲವನ್ನು ಗೇಣುದ್ದ ಏರಿಸಿದ್ದಾರೆ. ಗಾಳಿಕಂಡಿಯ ಅರ್ಧ ಅದರಲ್ಲಿ ಮುಚ್ಚಿಹೋಗಿದೆ. ಮಳೆನೀರಿನ ಎರಕದ ಪೈಪಿನ ಹಿಂದೆ ಗೋಡೆ ಹಸಿರುಗಟ್ಟಿದೆ, ಅಂದರೆ ಪೈಪು ಬೆನ್ನಲ್ಲಿ ಸೀಳಿದೆ. ಒದ್ದೆ ಜಾಸ್ತಿ ಇರುವ ಮೂಲೆ ಯಾವುದು ಅಂತ ನೀವು ಬರೆದಿಲ್ಲ, ಆ ಪೈಪಿನ ಹಿಂದಿನ ಮೂಲೆಯೇ ಅಲ್ವಾ?

ಕಂಪನಿಯವರ ಮೀಟರ್ ವಿಷಯ. ಅದು ಮರದಲ್ಲಿ ತೇವ ಅಳೆಯಲು ಮಾಡಿದ ಸಾಧನ, ಎರಡು ಮುಳ್ಳುಗಳ ನಡುವೆ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ನೋಡುತ್ತೆ. ಹಳೇ ಗೋಡೆಯಲ್ಲಿ ಉಪ್ಪು ಸೇರಿರುತ್ತೆ, ಉಪ್ಪಿದ್ದರೆ ಒಣ ಗೋಡೆಗೂ ಅದು ಕೂಗುತ್ತೆ. ಅದರ ಮೇಲೆ 6,800 ಪೌಂಡ್ ಖರ್ಚು ಮಾಡುವುದು ಬೇಡ. ಇನ್ನು ಕೆಮಿಕಲ್ ಚುಚ್ಚುವುದು, ನೆಲದ ನೀರು ಗೋಡೆಯಲ್ಲಿ ಮೇಲೇರದಂತೆ ತಡೆಗೆರೆ ಹಾಕಲು. ಒಂದೇ ಸಮ ಇಟ್ಟಿಗೆ ಗೋಡೆಯಲ್ಲಾದರೆ ಏನೋ ವಾದ ಮಾಡಬಹುದು. ಟೊಳ್ಳು ತುಂಬಿದ ಒರಟುಕಲ್ಲಿನ ಗೋಡೆಯಲ್ಲಿ ಆ ದ್ರವ ಸಂದುಗೊಂದಿಗೆ ಹರಿದು ಹೋಗುತ್ತೆ, ತಡೆಗೆರೆ ಆಗುವುದೇ ಇಲ್ಲ. ಉಳಿಯುವುದು ಗೋಡೆಯುದ್ದಕ್ಕೂ ತೂತುಗಳು.

ವಾಟರ್‌ಪ್ರೂಫ್ ಸಿಮೆಂಟ್ ಇದಕ್ಕಿಂತ ಅಪಾಯ. ನೀರು ಬರುವ ದಾರಿ ನಿಲ್ಲಿಸದೆ ಹೋಗುವ ದಾರಿ ಮುಚ್ಚಿದರೆ ಅದು ಮೇಲಕ್ಕೆ ಏರುತ್ತೆ. ಮೇಲೆ ಏನಿದೆ? ನೆಲಮಾಳಿಗೆಯ ಮೇಲಿನ ನೆಲವನ್ನು ಹೊತ್ತ ತೊಲೆಗಳ ತುದಿ ಗೋಡೆಯೊಳಗೆ ಹುದುಗಿವೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಮನೆಗೆ ಹೀಗೇ ಸಿಮೆಂಟ್ ಹೊಡೆಯಲು ನಾನೇ ಒಪ್ಪಿಗೆ ಕೊಟ್ಟಿದ್ದೆ, ಹಿರಿಯರೊಬ್ಬರು ಬೇಡ ಅಂದಿದ್ದರು. ಮೂರು ವರ್ಷದ ಮೇಲೆ ಆ ಮನೆಯವರು ಕರೆದರು, ನೆಲದ ಹಲಗೆ ಎತ್ತಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೆ ಒಳಗೆ ಹೋಯಿತು. ಆ ಸದ್ದಿಲ್ಲದ ಮೆತ್ತನೆಯನ್ನು ನನ್ನ ಕೈ ಇನ್ನೂ ಮರೆತಿಲ್ಲ. ಆಮೇಲೆ ಆ ಸಲಹೆ ಯಾರಿಗೂ ಕೊಟ್ಟಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ಪೈಪು, ಸೂರಿನ ದೋಣಿ. ಆಮೇಲೆ ಹಿತ್ತಲಿನ ಕಾಂಕ್ರೀಟ್ ಗೋಡೆಯ ಪಕ್ಕದಲ್ಲಿ ಒಂದಡಿ ಅಗಲ ಕತ್ತರಿಸಿ ತೆಗೆದು, ಗಾಳಿಕಂಡಿ ಬಿಡಿಸಿ, ಜಲ್ಲಿ ತುಂಬಿಸಿ. ಅಡಿಪಾಯದ ಬುಡಕ್ಕೆ ಮಾತ್ರ ಅಗೆಯಬಾರದು, ಆ ಕಾಲದ ಅಡಿಪಾಯ ತೀರಾ ಮೇಲೆಯೇ ಇರುತ್ತೆ. ಒಳಗಿನ ಪ್ಲಾಸ್ಟಿಕ್ ಪೇಂಟ್ ತೆಗೆಸಿ. ಆ ಬಿಳಿ ಪುಡಿ ಉಪ್ಪು, ಉದುರಿದರೆ ಒಣ ಬ್ರಷ್‌ನಲ್ಲಿ ಗುಡಿಸಿ ಹೊರಗೆ ಹಾಕಿ, ನೀರಲ್ಲಿ ತೊಳೆದರೆ ಅದು ಮತ್ತೆ ಗೋಡೆಗೇ ಹೋಗುತ್ತೆ. ಒದ್ದೆಯ ಮೇಲಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ, ತಿಂಗಳಿಗೊಮ್ಮೆ. ಮಳೆಯ ಜೊತೆ ಗೆರೆ ಏರಿಳಿದರೆ ನೀರು ಮೇಲಿನದು. ವರ್ಷವಿಡೀ ಕದಲದಿದ್ದರೆ ನೆಲದ ನೀರಿನ ಬಗ್ಗೆ ಯೋಚಿಸೋಣ. ಒಣಗಲು ಕಾಲ ಹಿಡಿಯುತ್ತೆ. ಇಂಚಿಗೆ ಒಂದು ತಿಂಗಳು ಅನ್ನುವುದು ನಮ್ಮ ಲೆಕ್ಕ, ನಿಮ್ಮ ಗೋಡೆ ಇಪ್ಪತ್ತು ಇಂಚು ಇದ್ದರೆ ಒಂದೂಮುಕ್ಕಾಲು ವರ್ಷದ ಹತ್ತಿರ. ಸಿಮೆಂಟ್ ಸಂದುಗಳನ್ನು ಬಿಡಿಸಿ ಸುಣ್ಣದ ಗಾರೆ ತುಂಬಿಸುವುದೂ ಆಗಬೇಕು, ಆದರೆ ಗಟ್ಟಿ ಸಿಮೆಂಟನ್ನು ಗ್ರೈಂಡರ್ ಹಾಕಿ ತೆಗೆಯಲು ಹೋದರೆ ಕಲ್ಲಿನ ಅಂಚೇ ಹಾರುತ್ತೆ. ಸುಣ್ಣದಲ್ಲಿ ಪಳಗಿದ ಮೇಸ್ತ್ರಿಯೇ ಬೇಕು, ಚಳಿಗಾಲದಲ್ಲಿ ಮಾಡಿಸಬಾರದು, ಹಿಮಗಟ್ಟಿದರೆ ಹಸಿ ಸುಣ್ಣ ಉದುರುತ್ತೆ.

ಇಷ್ಟಾದ ಮೇಲೆ ನೆಲಮಾಳಿಗೆ ಸಾಮಾನಿಡಲು, ಬಟ್ಟೆ ಒಗೆಯಲು, ಬಡಗಿ ಕೆಲಸಕ್ಕೆ ಧಾರಾಳ ಆಗುತ್ತೆ. ಸುಣ್ಣ ಬಳಿಸಿ, ಗಾಳಿ ಆಡಲು ಬಿಡಿ. ಮಲಗುವ ಕೋಣೆಯೇ ಬೇಕು ಅಂದರೆ ಗೋಡೆಯಿಂದ ಸ್ವಲ್ಪ ಈಚೆ ಉಬ್ಬುತಗ್ಗಿನ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ, ಹಿಂದೆ ಬಸಿದ ನೀರನ್ನು ಗುಂಡಿಗೆ ಬಿಟ್ಟು ಪಂಪಿನಿಂದ ಹೊರಹಾಕುವ ವ್ಯವಸ್ಥೆ ಇದೆ. ಮುಂದೆ ಬೇಡ ಅಂದರೆ ತೆಗೆಯಬಹುದು, ಅದೊಂದು ಸಮಾಧಾನ. ಆದರೆ ಹಾಳೆ ನಿಲ್ಲಿಸಲು ಗೋಡೆಗೆ ನೂರಾರು ತೂತು ಕೊರೆಯಬೇಕು, ಪಂಪು ಕೆಟ್ಟರೆ ಅಥವಾ ಕರೆಂಟ್ ಹೋದರೆ ನೀರು ಒಳಗೆ, ಮತ್ತು ಹಿಂದಿನ ಗೋಡೆ ಏನಾಗುತ್ತಿದೆ ಅಂತ ನಿಮಗೆ ಕಾಣುವುದೇ ಇಲ್ಲ. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ದಾರಿ ಬೇಕು. ನೆಲದಿಂದ ಏಳುವ ವಿಕಿರಣಶೀಲ ಅನಿಲ ರೇಡಾನ್‌ನ ಪರೀಕ್ಷೆಯನ್ನೂ ಮಾಡಿಸಿ, ಮೂರು ತಿಂಗಳು ಮನೆಯಲ್ಲಿ ಇಡುವ ಸಣ್ಣ ಡಬ್ಬಿಗಳು ಅವು. ಎತ್ತರ ಸಾಲದು ಅಂತ ನೆಲ ಅಗೆಯುವ ಮಾತು ಯಾರಾದರೂ ತೆಗೆದರೆ ಒಪ್ಪಬೇಡಿ, ನೆಲಕ್ಕೆ ಹಾಸಿದ ಅಗಲವಾದ ಪೆನೆಂಟ್ ಚಪ್ಪಡಿಗಳೂ ಮೂಲದವೇ, ಕೆಳಗೆ ಅಡಿಪಾಯವೂ ಇಲ್ಲ ಅನ್ನುವಷ್ಟು ಕಡಿಮೆ.

ಕಾನೂನಿನ ಮಾತು. ಗ್ರೇಡ್ 2 ಅಂದರೆ ಮುಂಭಾಗ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ಒಳಗೂ ಹೊರಗೂ ಇಡೀ ಕಟ್ಟಡ ಸೇರುತ್ತೆ, ನೆಲಮಾಳಿಗೆ, ಚಪ್ಪಡಿ, ಆ ಬಳೆ ಎಲ್ಲ. ಕಟ್ಟಡದ ಸ್ವರೂಪ ಬದಲಾಗುವ ಕೆಲಸವನ್ನು ಅನುಮತಿ ಇಲ್ಲದೆ ಮಾಡಿಸಿದರೆ 1990ರ ಕಾಯ್ದೆಯ ಪ್ರಕಾರ ಅದು ಅಪರಾಧ, ದಂಡ ಕೊಟ್ಟು ಮುಗಿಸುವ ನಿಯಮಭಂಗ ಅಲ್ಲ. ಸರಿಪಡಿಸಿ ಅಂತ ನೋಟಿಸ್ ಕೊಡಲು ಕಾಲಮಿತಿಯೂ ಇಲ್ಲ, ಹಿಂದಿನವರು ಮಾಡಿದ್ದಕ್ಕೂ ಈಗಿನ ಮಾಲೀಕರಿಗೇ ಬರಬಹುದು. ಅದಕ್ಕೇ ಸಿಮೆಂಟ್ ಸಂದು, ಹಿತ್ತಲ ಕಾಂಕ್ರೀಟ್ ಇವೆಲ್ಲ ನೀವು ಕೊಂಡಾಗಲೇ ಹೀಗಿತ್ತು ಅಂತ ತೋರಿಸುವ ಸರ್ವೇ ವರದಿ, ಫೋಟೋಗಳನ್ನು ಜೋಪಾನ ಮಾಡಿ. ಪೈಪು ಸರಿಮಾಡಿಸುವಂಥ ಸಣ್ಣ ದುರಸ್ತಿಗೆ ಅನುಮತಿ ಬೇಕಾಗುವುದಿಲ್ಲ. ಪ್ಲಾಸ್ಟಿಕ್ ಹಾಳೆ, ಹೊಸ ಗಾರೆ, ಕೋಣೆ ಇವಕ್ಕೆ ಬೇಕು. ಅರ್ಜಿಗೆ ಶುಲ್ಕವಿಲ್ಲ. ನಗರಸಭೆಯ ಸಂರಕ್ಷಣಾ ಅಧಿಕಾರಿಗಳನ್ನು ಕಂಡರೆ ಹೆದರಬೇಕಾಗಿಲ್ಲ. ಏನಿದೆ, ಯಾಕೆ ಹೀಗಾಗಿದೆ, ಏನು ಮಾಡುತ್ತೇವೆ ಅಂತ ಬಿಡಿಸಿ ಬರೆದುಕೊಂಡು ಹೋದವರಿಗೆ ಅವರು ಸಹಾಯವನ್ನೇ ಮಾಡಿದ್ದನ್ನು ನೋಡಿದ್ದೇನೆ. ಸಲಹೆ ಕೊಡುವವರು ಕೆಮಿಕಲ್ ಮಾರುವವರಾಗಿರಬಾರದು, ಹಳೇ ಕಟ್ಟಡದಲ್ಲಿ ನುರಿತ, ಬರೀ ಸಲಹೆಗೆ ದುಡ್ಡು ತೆಗೆದುಕೊಳ್ಳುವ ಸರ್ವೇಯರ್ ಆಗಿರಲಿ.

ಮನೆಯ ಚರಿತ್ರೆ ಹುಡುಕುವ ಆಸೆ ಇದ್ದರೆ ನಗರಸಭೆಯ 'ನೋ ಯುವರ್ ಪ್ಲೇಸ್' ಅನ್ನುವ ತಾಣದಲ್ಲಿ ಹಳೇ ನಕ್ಷೆಗಳನ್ನು ಇವತ್ತಿನ ನಕ್ಷೆಯ ಮೇಲೆ ಎಳೆದು ನೋಡಬಹುದು. ನಿಮ್ಮ ಹತ್ತಿರದಲ್ಲೇ ಇರುವ ಬಿ ಬಾಂಡ್, ಆ ದೊಡ್ಡ ಕೆಂಪು ತಂಬಾಕು ಗೋದಾಮು, ಅದರಲ್ಲೇ ಬ್ರಿಸ್ಟಲ್ ಆರ್ಕೈವ್ಸ್ ಇದೆ. ಮನೆಯ ಹಳೇ ಪತ್ರಗಳಲ್ಲಿ ಹೆಸರು ಸಿಕ್ಕಿದರೆ, ಗುಲಾಮಗಿರಿ ರದ್ದಾದಾಗ ಪರಿಹಾರ ಪಡೆದ ಮಾಲೀಕರ ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅದನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಪರಿಹಾರದ 2 ಕೋಟಿ ಪೌಂಡ್ ಹೋದದ್ದು ಮಾಲೀಕರಿಗೆ, ಗುಲಾಮರಾಗಿದ್ದವರಿಗೆ ಬಿಡಿಗಾಸೂ ಸಿಗಲಿಲ್ಲ. ನಿಮ್ಮ ಮನೆಯವರ ಹೆಸರು ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಎರಡರಲ್ಲಿ ಯಾವುದಾದರೂ ಪಕ್ಕದ ಮನೆಯವರಿಗೆ ತಿಳಿಸಿ.

ಅಲ್ಲಿಯವರೆಗೆ, ಮುಂದಿನ ಸಲ ಮಳೆ ಜೋರಾಗಿ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಆ ಪೈಪಿನ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿ. ನೀರು ಎಲ್ಲಿಂದ ಚಿಮ್ಮುತ್ತಿದೆ ಅಂತ ಒಂದು ಫೋಟೋ ತೆಗೆದು ನನಗೆ ಕಳಿಸಿ.